ಮೈ ಕೇಳಿದ ಪದ

ಉಪ್ಪಿನ ಬಯಲು ಮುಗಿದು ಕಡಲು ಇನ್ನೂ ಶುರುವಾಗದ ಕಡೆ ಒಂದು ಊರಿತ್ತು. ಅಲ್ಲಿಗೆ ವಾಸಕ್ಕೆಂದು ಬರುವವರು ಹಾಸಿಗೆ, ಪಾತ್ರೆ ತಂದರೆ ಸಾಲದು, ಊರಲ್ಲಿಲ್ಲದ ಒಂದು ಪದವನ್ನೂ ತರಬೇಕಿತ್ತು. ಯಾವ ಭಾಷೆಯದ್ದಾದರೂ ಸರಿ. ತಂದ ನಲವತ್ತು ದಿನದೊಳಗೆ ಆ ಪದದ ಅರ್ಥ ಒಂದು ವಸ್ತುವಾಗಿ ಊರವರ ಅಂಗೈ ಮೇಲೆ ಕೂರಬೇಕಿತ್ತು. ಬಾಯಿಮಾತಿನ ಅರ್ಥವನ್ನು ಆ ಊರು ಒಪ್ಪುತ್ತಿರಲಿಲ್ಲ. ಮಾತಿಗೆ ಮಾತೇ ಅರ್ಥವಾದರೆ ಆ ಮಾತಿಗೆ ಇನ್ನೊಂದು ಮಾತು ಬೇಕಾಗುತ್ತದೆ, ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಹಿಂದಿನವರು ಯಾರೋ ಕೇಳಿದ್ದರು. ಯಾರಿಗೂ ಉತ್ತರ ಹೊಳೆದಿರಲಿಲ್ಲ. ಕಟ್ಟಳೆ ಉಳಿದುಕೊಂಡಿತು.

ಊರ ನಡುವೆ ಪದಮನೆ. ಮಣ್ಣಿನ ಗೋಡೆ, ಗೋಡೆಯ ತುಂಬ ಗೂಡು, ಗೂಡಿಗೊಂದು ವಸ್ತು. ಕ್ಷಮೆಯ ಗೂಡಿನಲ್ಲಿ ಗಂಟು ಬಿಚ್ಚಿದ ಹಗ್ಗವಿತ್ತು. ಬಿಚ್ಚಿ ಎಷ್ಟೋ ಕಾಲವಾಗಿದ್ದರೂ ಗಂಟಿದ್ದ ಜಾಗ ಇನ್ನೂ ಸೊಟ್ಟಗಿತ್ತು. ಕಾಲದ ಗೂಡಿನಲ್ಲಿ, ಉಪ್ಪು ಕೆರೆದು ಕೆರೆದು ಸೌಟಿನಷ್ಟು ಸವೆದ ಗುದ್ದಲಿ. ಒಂದು ವಸ್ತು ಒಂದೇ ಪದಕ್ಕೆ. ಗೂಡು ಸೇರಿದ್ದು ಮತ್ತೆ ಊರ ಬಳಕೆಗೆ ಮರಳುವಂತಿಲ್ಲ. ಪ್ರತಿ ಸೋಮವಾರ ಬೆಳಗ್ಗೆ ಜನ ಸಾಲಾಗಿ ಬಂದು ಅಂಗೈ ಒಡ್ಡುತ್ತಿದ್ದರು. ಪದಮನೆಯನ್ನು ಕಾಯುವವನು ವಸ್ತುವನ್ನು ಅಂಗೈ ಮೇಲಿಟ್ಟು ಪದವನ್ನು ಮೂರು ಸಲ ಹೇಳುತ್ತಿದ್ದ. ಅವರೂ ಮೂರು ಸಲ ಹೇಳುತ್ತಿದ್ದರು. ವಸ್ತು ಗೂಡಿಗೆ ಹೋಗುತ್ತಿತ್ತು, ಪದ ಮನೆಗೆ ಹೋಗುತ್ತಿತ್ತು.

ಕಾಯುವವನನ್ನು ಊರು ಕಾಪಯ್ಯ ಎನ್ನುತ್ತಿತ್ತು. ಅರವತ್ತು ದಾಟಿದವನು. ಅವನ ಅಪ್ಪ, ಅಜ್ಜ ಎಲ್ಲ ಅದೇ ಕೆಲಸ ಮಾಡಿದವರು. ಬೆರಳು ತಾಗದ ಹಾಗೆ ವಸ್ತುವನ್ನು ಅಂಗೈಗಿಳಿಸುವುದು ಅವನ ಮನೆತನದ ವಿದ್ಯೆ. ಕೊಡುವವನ ಬಿಸಿ ಅರ್ಥಕ್ಕೆ ಅಂಟಬಾರದು ಎಂದು ಅಜ್ಜ ಹೇಳಿಕೊಟ್ಟಿದ್ದ. ಗೋಧಿಕಾಳನ್ನು ಕೂಡ ಹಾಗೇ ಇಡಬಲ್ಲವನಾಗಿದ್ದ ಕಾಪಯ್ಯ. ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು. ಆ ಎಂಟು ವರ್ಷದಲ್ಲಿ ಅವನನ್ನು ಯಾರೂ ಮುಟ್ಟಿರಲಿಲ್ಲ. ಅದನ್ನು ಅವನು ಗಮನಿಸಿಯೂ ಇರಲಿಲ್ಲ.

ಒಂದು ದಿನ ಮಧ್ಯಾಹ್ನ ಬಯಲಿನ ಕಡೆಯಿಂದ ಒಬ್ಬ ಹೆಂಗಸು ಬಂದಳು. ತಲೆಯ ಮೇಲೆ ಗಂಟು, ಮುಂದಕ್ಕೆ ಬಂದ ಹೊಟ್ಟೆ. ಊರ ಬಾಗಿಲಲ್ಲಿ ಯಜಮಾನನೂ ಕಾಪಯ್ಯನೂ ನಿಂತಿದ್ದರು. ಯಾರೇ ಬಂದರೂ ಅವರಿಬ್ಬರೇ ಎದುರುಗೊಳ್ಳಬೇಕು.

"ಹೆಸರು?" ಯಜಮಾನ ಕೇಳಿದ.

"ಮುದ್ದವ್ವ."

"ಜೊತೆಗೆ ಯಾರಿದ್ದಾರೆ?"

"ಗಂಡ ಇದ್ದ. ಹಡಗಿನ ಮೇಲೆ ಜ್ವರ ಬಂದು ಹೋಗಿಬಿಟ್ಟ. ಹಡಗಿಳಿದು ಬಯಲು ದಾಟಿ ಬಂದೆ. ಇನ್ನು ಇದೊಂದೇ," ಎಂದು ಹೊಟ್ಟೆಯ ಮೇಲೆ ಕೈಯಿಟ್ಟಳು.

"ತಂದಿರುವ ಪದ?"

ಅವಳು ಒಂದು ಗಳಿಗೆ ಕಣ್ಣು ಮುಚ್ಚಿ, ನಾಲಗೆಯನ್ನು ಅಣಿ ಮಾಡಿಕೊಂಡು ಹೇಳಿದಳು: "ಕಾರ್ಪೊರಿಯಲ್."

ಯಜಮಾನ ಕಾಪಯ್ಯನ ಮುಖ ನೋಡಿದ. ಇಲ್ಲವೆಂದು ಕಾಪಯ್ಯ ತಲೆಯಾಡಿಸಿದ. ಅಂಥ ಪದ ಊರಲ್ಲಿರಲಿಲ್ಲ. ಮುದ್ದವ್ವನಿಗೆ ಬಾಗಿಲ ಪಕ್ಕದ ಗುಡಿಸಲು ತೋರಿಸಿದರು. ಅರ್ಥ ಸಿಗುವ ತನಕ ಬಂದವರ ಇರವು ಅಲ್ಲಿ. ಊರವರು ಅನ್ನ ನೀರು ಕೊಡುತ್ತಾರೆ, ಹೊಸ್ತಿಲು ದಾಟಿ ಒಳಗೆ ಹೋಗುವುದಿಲ್ಲ.

ಮರುದಿನ ಕಾಪಯ್ಯ ಗುಡಿಸಲ ಹೊರಗೆ ಮಣೆ ಹಾಕಿಕೊಂಡು ಕೂತ. "ಎಲ್ಲಿ ಸಿಕ್ಕಿತು ತಾಯಿ ಈ ಪದ?"

"ಕಡಲಾಚೆ ಇಂಗ್ಲಿಷಿನವರ ಮನೆಯಲ್ಲಿ ಕೆಲಸಕ್ಕಿದ್ದೆ. ಅಲ್ಲೊಬ್ಬಳು ಮುದುಕಿ. ಎರಡೂ ಕಣ್ಣಿಲ್ಲ. ಆ ಮನೆಯಲ್ಲಿ ಸತ್ತವರು ಓಡಾಡುತ್ತಾರೆ ಅಂತ ಅವಳಿಗೆ ಭಯ. ಹೆಜ್ಜೆ ಸಪ್ಪಳ ಕೇಳಿದ ಕೂಡಲೇ ಕೈ ಚಾಚುತ್ತಿದ್ದಳು. ನಾನು ಹತ್ತಿರ ಹೋಗಿ ನಿಲ್ಲಬೇಕು. ನನ್ನ ತೋಳು ಹಿಡಿದು ನೋಡಿ, ಉಸಿರು ಬಿಟ್ಟು, ಕಾರ್ಪೊರಿಯಲ್ ಅನ್ನುತ್ತಿದ್ದಳು. ಆಮೇಲೆ ನಗುತ್ತಿದ್ದಳು."

"ಬೇರೆ ಯಾರಿಗಾದರೂ ಹಾಗೆ ಅಂದದ್ದುಂಟಾ?"

"ಎಲ್ಲರಿಗೂ ಅನ್ನುತ್ತಿದ್ದಳು. ಒಂದು ಸಲ ಬೆಕ್ಕಿಗೂ ಅಂದಳು."

ಕಾಪಯ್ಯ ಅದನ್ನು ಮನಸ್ಸಿನಲ್ಲಿಟ್ಟುಕೊಂಡ. ಆಚೆ ದಂಡೆಯಲ್ಲಿ ಇನ್ನೊಂದು ಪದಮನೆಯಿತ್ತು. ಅಲ್ಲಿಯವರು ವಸ್ತು ಇಡುವುದಿಲ್ಲ, ಪದದ ಹುಟ್ಟು ಬರೆದಿಡುತ್ತಾರೆ. ಅವರಿಗೆ ದೋಣಿಯಲ್ಲಿ ಕಾಗದ ಕಳಿಸಿದ. ಉತ್ತರ ಬರಲು ಹದಿನೆಂಟು ದಿನ ಬೇಕಾಯಿತು.

ಉತ್ತರದಲ್ಲಿ ಹೀಗಿತ್ತು: ಈ ಪದದ ತಾಯಿ ಕೊರ್ಪುಸ್. ಅದು ಲ್ಯಾಟಿನ್ ಎಂಬ ಭಾಷೆಯದು, ಆ ಭಾಷೆಯನ್ನು ತೊಟ್ಟಿಲಲ್ಲಿ ಕಲಿಯುವವರು ಈಗ ಯಾರೂ ಇಲ್ಲ. ಕೊರ್ಪುಸ್ ಅಂದರೆ ಮೈ. ನಿಮಗೆ ಬಂದಿರುವ ಪದಕ್ಕೆ ಮೈಯುಳ್ಳದ್ದು, ಮೈಗೆ ಸೇರಿದ್ದು, ಮುಟ್ಟಿದರೆ ಕೈಗೆ ಸಿಗುವಂಥದ್ದು ಎಂದು ಅರ್ಥ. ಈ ತಾಯಿಗೆ ಇಂಗ್ಲಿಷಿನಲ್ಲಿ ಮಕ್ಕಳು ಬಹಳ. ಒಬ್ಬಳು ಹೆಣ. ಒಬ್ಬಳು ದಂಡಿನ ತುಕಡಿ. ಒಬ್ಬಳು ಹಲವರು ಸೇರಿ ಒಂದೇ ಆಳಿನಂತೆ ನಡೆಸುವ ಕೂಟ. ಒಬ್ಬಳು ಬೊಜ್ಜು ಬೆಳೆದವಳು. ರಕ್ತದಲ್ಲಿ ತೇಲುವ ಕಣವೂ ಇದೇ ಮನೆಯ ಕೂಸು. ತಾಯಿಗೂ ಹಿಂದೆ ಹೋದರೆ ದಾರಿ ಮಸುಕು. ಅಲ್ಲಿ ಮೈ ಅಂದರೂ ರೂಪ ಅಂದರೂ ಒಂದೇ ಇದ್ದಂತೆ ಕಾಣುತ್ತದೆ. ಆ ಹಿಂದಿನ ಕವಲಿನಿಂದ ಹಳೆಯ ಇಂಗ್ಲಿಷಿಗೆ ಬಂದ ಒಂದು ದಾಯಾದಿ ಪದಕ್ಕೆ ಹೊಟ್ಟೆ, ಗರ್ಭ ಎಂಬ ಅರ್ಥವಿತ್ತು. ನಮಗೆ ತಿಳಿದದ್ದು ಇಷ್ಟು. ವಸ್ತು ನೀವು ಹುಡುಕಿಕೊಳ್ಳಬೇಕು.

ಕಾಪಯ್ಯ ಕಾಗದವನ್ನು ಗುಡಿಸಲ ಬಾಗಿಲಲ್ಲಿ ಕೂತು ಓದಿ ಹೇಳಿದ. ಹೆಣದ ಹೆಸರು ಬಂದಾಗ ಅವನ ದನಿ ತಗ್ಗಿತು. ಅವಳು ಅದಕ್ಕೆ ಬೆಚ್ಚಲಿಲ್ಲ. ಹೊಟ್ಟೆ, ಗರ್ಭ ಎಂದಿದ್ದ ಸಾಲನ್ನು ಮಾತ್ರ ಇನ್ನೊಮ್ಮೆ ಓದಿಸಿದಳು.

"ನಮ್ಮಲ್ಲೂ ಹಾಗೇ ಅಲ್ಲವಾ?" ಅಂದಳು. "ಒಡಲು ಅಂದರೆ ಹೊಟ್ಟೆ. ಒಡಲು ಅಂದರೆ ಇಡೀ ಮೈಯೂ ಹೌದು."

ಪದಗಳ ನಡುವೆಯೇ ಹುಟ್ಟಿ ಬೆಳೆದ ಕಾಪಯ್ಯನಿಗೆ ಅದು ಹೊಳೆದಿರಲಿಲ್ಲ. ಅವನು ಕಾಗದ ಮಡಿಸಿ ಎದ್ದ.

ವಸ್ತುವಿನ ಹುಡುಕಾಟ ಶುರುವಾಯಿತು. ಒಂದು ಸೋಮವಾರ ಅವನು ಜೇಡಿಯಲ್ಲಿ ಮಾಡಿದ ಆಳಿನ ಬೊಂಬೆ ಒಯ್ದ. ಯಜಮಾನ ಅದನ್ನು ಅಂಗೈ ಮೇಲೆ ತಿರುಗಿಸಿ ನೋಡಿದ. "ಇದು ಹೋಲಿಕೆ. ಹೋಲಿಕೆಯ ಗೂಡಿನಲ್ಲಿ ಬೊಂಬೆ ಇದೆ." ಕಡಲದಂಡೆಯಲ್ಲಿ ಸಿಕ್ಕ ಮೂಳೆ ಒಯ್ದ. "ಇದು ಮೈಯಲ್ಲ, ಮೈ ಹೋದ ಮೇಲೆ ಉಳಿದದ್ದು." ಬೇರೊಂದು ಸೋಮವಾರ ಬೆಣ್ಣೆ ಒಯ್ದ, ಹಸಿ ಹಿಟ್ಟಿನ ಮುದ್ದೆ ಒಯ್ದ, ಯಾರೋ ತೊಟ್ಟು ತೊಟ್ಟು ಮೈಯಚ್ಚು ಮೂಡಿದ ಅಂಗಿ ಒಯ್ದ. ಯಜಮಾನ ಎಲ್ಲವನ್ನೂ ತಾಳ್ಮೆಯಿಂದ ನೋಡಿ ಹಿಂದಕ್ಕೆ ಕೊಟ್ಟ.

ಮೂವತ್ತೈದನೆಯ ದಿನ ಕಾಪಯ್ಯ ಪದಮನೆಯ ನಡುವೆ ನಿಂತು ಗೂಡುಗಳನ್ನು ನೋಡಿದ. ಹಗ್ಗ, ಗುದ್ದಲಿ, ಶಂಖ, ಬೀಗ, ಕಲ್ಲು. ಎಲ್ಲವೂ ಮುಟ್ಟಿದರೆ ಕೈಗೆ ಸಿಗುತ್ತಿದ್ದವು. ಎಲ್ಲಕ್ಕೂ ಮೈಯಿತ್ತು. ಅಜ್ಜನ ಕಾಲದಿಂದ ಊರು ಒಂದೇ ಪದವನ್ನು ನೂರಾರು ಹೆಸರಿನಲ್ಲಿ ಅಂಗೈ ಮೇಲಿಟ್ಟುಕೊಂಡು ಬಂದಿದೆ ಎಂದು ಅವನಿಗನ್ನಿಸಿತು. ಓಡುತ್ತ ಹೋಗಿ ಯಜಮಾನನಿಗೆ ಅದನ್ನೇ ಹೇಳಿದ.

"ಎಲ್ಲವೂ ಅದೇ ಆದರೆ ಯಾವುದನ್ನು ಗೂಡಿನಲ್ಲಿಡುತ್ತೀಯ?" ಯಜಮಾನ ಕೇಳಿದ.

"ಇಡಬೇಕಾಗಿಲ್ಲ. ಮನೆಯೇ ಅದರ ಗೂಡು ಅನ್ನಬಹುದಲ್ಲ?"

"ಕಾಪಯ್ಯ, ಕೂತುಕೋ." ಯಜಮಾನ ಅವನಿಗಿಂತ ಹತ್ತು ವರ್ಷ ದೊಡ್ಡವನು, ಮಾತು ನಿಧಾನ. "ಆ ಜೇನುಕುರುಬ ಬಂದಿದ್ದ, ನೆನಪಿದೆಯಾ? ಎಂಥದೋ ಒಂದು ವಾಸನೆಗೆ ಅವರಲ್ಲಿರುವ ಹೆಸರು ತಂದಿದ್ದ. ವಾಸನೆಯನ್ನು ಅಂಗೈ ಮೇಲಿಡಲು ನಿನಗೂ ಆಗಲಿಲ್ಲ, ನಿಮ್ಮಪ್ಪನಿಗೂ ಆಗಲಿಲ್ಲ. ನಲವತ್ತೊಂದನೆಯ ದಿನ ಬಯಲಿಗೆ ಕಳಿಸಿದವನು ನಾನು. ಸುಗ್ಗಿಯ ಹೊತ್ತಿಗೆ ಅವನ ಕಾಲಿನ ಮೆಟ್ಟು ಮಾತ್ರ ಸಿಕ್ಕಿತು. ಇವಳನ್ನು ಸುಮ್ಮನೆ ಉಳಿಸಿಕೊಂಡರೆ, ಅವನನ್ನು ಕಳಿಸಿದ್ದು ಯಾತಕ್ಕೆ ಅಂತ ನಾನು ಯಾರಿಗೆ ಹೇಳಲಿ?"

ಕಾಪಯ್ಯ ಆಗ ಕೂತ.

"ಒಂದು ದಾರಿ ಇದೆ," ಯಜಮಾನ ಮುಂದುವರಿಸಿದ. "ಇಲ್ಲಿಯವರೆಗೆ ಯಾವ ಗೂಡಿನಲ್ಲೂ ಜೀವ ಇರುವ ಮೈ ಇಟ್ಟಿಲ್ಲ. ಪದ ತಂದವಳೇ ಅದರ ವಸ್ತುವಾಗಲಿ. ಮೂಲೆಯ ದೊಡ್ಡ ಗೂಡು ಖಾಲಿ ಇದೆಯಲ್ಲ, ಅಲ್ಲಿ ಕೂರಲಿ. ಬಯಲಿಗಿಂತ ನೆರಳು ಮೇಲು."

"ಹೆರಿಗೆ ಹತ್ತಿರ ಬಂದಿದೆ."

"ಕೂಸು ಊರಲ್ಲೇ ಹುಟ್ಟುತ್ತದೆ, ಅದಕ್ಕೆ ಪದ ಬೇಡ. ಸೂಲಗಿತ್ತಿ ಸಾಕುತ್ತಾಳೆ. ವಸ್ತು ಮಾತ್ರ ಗೂಡು ಬಿಡುವ ಹಾಗಿಲ್ಲ. ನಿನಗೆ ಗೊತ್ತಿರುವುದೇ."

ಈ ಮಾತನ್ನು ಕಾಪಯ್ಯ ಮುದ್ದವ್ವನಿಗೆ ಮುಟ್ಟಿಸಿದ. ಅವಳು ಅತ್ತು ಕರೆಯುತ್ತಾಳೆಂದು ಅಂಜಿದ್ದ. ಅವಳು ಗಂಟಿನಿಂದ ಹಳೆಯ ಸೀರೆಯೊಂದನ್ನು ತೆಗೆದು ಕೂಸಿಗೆ ಬಟ್ಟೆಯಾಗಲೆಂದು ಹರಿಯುತ್ತಿದ್ದಳು. ಹರಿಯುವುದನ್ನು ನಿಲ್ಲಿಸಲಿಲ್ಲ.

"ಕೂಸನ್ನು ದಿನಕ್ಕೊಮ್ಮೆ ತಂದು ತೋರಿಸುತ್ತಾರಾ?"

"ಸೋಮವಾರ ಎಲ್ಲರೂ ಬರುತ್ತಾರೆ."

"ಬಂದು ಮುಟ್ಟುತ್ತಾರಾ?"

"ಮುಟ್ಟಿಯೇ ಕಲಿಯಬೇಕು."

"ಹಾಗಾದರೆ ವಾರಕ್ಕೊಂದು ಸಲ ನನ್ನ ಕೂಸು ನನ್ನನ್ನು ಮುಟ್ಟುತ್ತದೆ," ಅಂದಳು. ಬಟ್ಟೆ ಪರ್ರನೆ ಹರಿಯಿತು. "ಆಗಲಿ ಅಯ್ಯಾ. ಬಯಲಲ್ಲಿ ಹಡೆಯುವುದಕ್ಕಿಂತ ಅದು ವಾಸಿ."

ಕಾಪಯ್ಯ ಅಲ್ಲಿಂದ ಎದ್ದು ನೇರ ಮನೆಗೆ ಹೋಗಲಿಲ್ಲ. ಉಪ್ಪಿನ ಮಡಿಗಳ ಬದುವಿನ ಮೇಲೆ ನಡೆದ. ಇಳಿಬಿಸಿಲಿನಲ್ಲಿ ಜನ ಉಪ್ಪು ಗುಡ್ಡೆ ಹಾಕುತ್ತಿದ್ದರು. ಅವನ ನೆರಳು ಮುಂದೆ ಮುಂದೆ ಹೋಗುತ್ತಿತ್ತು. ತನ್ನ ಕೈಯನ್ನು ತಾನೇ ಹಿಂದು ಮುಂದು ಮಾಡಿ ನೋಡಿಕೊಂಡ. ಸುಕ್ಕು, ನರ, ಉಗುರಿನಡಿಯ ಕೊಳೆ. ಈ ಕೈಯೂ ಯಾವ ಗೂಡಿನಲ್ಲೂ ಇರಲಿಲ್ಲ.

ನಲವತ್ತನೆಯ ದಿನ ಸೋಮವಾರವೇ ಬಿತ್ತು. ಊರು ನೆರೆದಿತ್ತು. ಮುದ್ದವ್ವನನ್ನು ಪದಮನೆಯೊಳಗೆ ಕರೆತಂದರು. ಅವಳು ಮೂಲೆಯ ಗೂಡಿನ ಕಡೆ ಹೆಜ್ಜೆಯಿಟ್ಟಾಗ ಕಾಪಯ್ಯ ಅಡ್ಡ ಬಂದು, ಸೊಂಟದಲ್ಲಿದ್ದ ಪದಮನೆಯ ಬೀಗದ ಕೈ ಬಿಚ್ಚಿ ಅವಳ ಅಂಗೈಗೆ ಹಾಕಿದ. ಆಮೇಲೆ ತಾನೇ ಗೂಡು ಹತ್ತಿ, ಕಾಲು ಮಡಿಸಿ, ಗೋಡೆಗೆ ಬೆನ್ನು ಕೊಟ್ಟು ಕೂತ.

"ಇದೇನು?" ಯಜಮಾನ ಕೇಳಿದ.

"ಪದಕ್ಕೆ ಮೈ ಬೇಕು. ಇಂಥವರ ಮೈ ಅಂತ ಕಟ್ಟಳೆಯಲ್ಲಿಲ್ಲ. ನಾನು ಎಲ್ಲ ಪದಗಳನ್ನೂ ಕೊಟ್ಟವನು, ನನ್ನನ್ನು ಯಾವ ಪದಕ್ಕೂ ಕೊಟ್ಟಿಲ್ಲ. ಇದು ಒಪ್ಪುವಂಥ ವಸ್ತು ಹೌದೋ ಅಲ್ಲವೋ, ನೀವು ಹೇಳಿ."

ಯಜಮಾನ ಬಹಳ ಹೊತ್ತು ನೋಡಿದ. ಕಟ್ಟಳೆಯನ್ನು ಮನಸ್ಸಿನಲ್ಲೇ ಮೊದಲಿನಿಂದ ಕೊನೆಯವರೆಗೆ ಹೇಳಿಕೊಂಡಿರಬೇಕು, ತುಟಿ ಅಲುಗುತ್ತಿತ್ತು. ಕೊನೆಗೆ, "ಒಪ್ಪುತ್ತದೆ," ಅಂದ. "ಆದರೆ ಎದ್ದರೆ ಪದ ಬರಿದಾಗುತ್ತದೆ. ಪದ ಬರಿದಾದರೆ ಊರಲ್ಲಿ ಇವಳ ಇರವೂ ಹೋಗುತ್ತದೆ."

"ಗೊತ್ತು."

ಹಾಗೆ ಮುದ್ದವ್ವ ಊರವಳಾದಳು, ಪದಮನೆ ಕಾಯುವವಳಾದಳು. ಕಾಪಯ್ಯ ವಸ್ತುವಾದ.

ಜನ ಸಾಲಾಗಿ ಬಂದರು. ಮೊದಲನೆಯವನು ಉಪ್ಪು ಹೊರುವವನು. ಅವನ ಕೈ ಕಾಪಯ್ಯನ ಭುಜದ ಮೇಲೆ ಬಿದ್ದಾಗ ಕಾಪಯ್ಯನಿಗೆ ಚಳಿ ಬಂದವನ ಹಾಗೆ ಮೈ ನಡುಗಿತು. ಎಂಟು ವರ್ಷ ಎಂಬ ಲೆಕ್ಕ ಆಗ ತಿಳಿಯಿತು. ಮುದ್ದವ್ವ ಪಕ್ಕದಲ್ಲಿ ನಿಂತು ಪದವನ್ನು ಮೂರು ಸಲ ಹೇಳಿದಳು. ಉಪ್ಪಿನವನು ಮೂರು ಸಲ ಹೇಳಿದ. ಮುಂದಿನವಳು ಅಗಸಗಿತ್ತಿ, ಅವನ ಕಿವಿಯ ತುದಿ ಹಿಡಿದು ನೋಡಿದಳು. ಒಬ್ಬ ಮುದುಕ ಮೊಣಕಾಲು ಒತ್ತಿ, "ನಿನಗೂ ನೋಯುತ್ತಾ?" ಎಂದು ಕೇಳಿದ. ಎರಡು ಜಡೆಯ ಪುಟ್ಟ ಹುಡುಗಿ ಪಕ್ಕೆಗೆ ಬೆರಳಿಟ್ಟಳು, ಕಾಪಯ್ಯನಿಗೆ ಕಚಗುಳಿಯಾಗಿ ನಗು ಬಂತು. ಅರ್ಥ ನಕ್ಕದ್ದನ್ನು ಆ ಊರು ಅವತ್ತಿನವರೆಗೆ ಕಂಡಿರಲಿಲ್ಲ. ಸಾಲಿನಲ್ಲಿದ್ದವರೂ ನಕ್ಕರು.

ಯಜಮಾನ ಬಾಗಿಲಲ್ಲೇ ನಿಂತು ನೋಡಿದ. ಹತ್ತಿರ ಬರಲಿಲ್ಲ.

ಎರಡನೆಯ ಸೋಮವಾರ ಜನ ಹೆಚ್ಚು ಬಂದರು. ಮೂರನೆಯ ಸೋಮವಾರ ಕಲಿತಿದ್ದವರೂ ಮತ್ತೆ ಬಂದರು. ಹಗ್ಗ ಎಲ್ಲರ ಅಂಗೈ ಮೇಲೂ ಒಂದೇ ಹಗ್ಗವಾಗಿತ್ತು, ಈ ವಸ್ತು ಹಾಗಿರಲಿಲ್ಲ. ಬೆಳಗ್ಗೆ ತಣ್ಣಗಿರುತ್ತಿತ್ತು, ಮಧ್ಯಾಹ್ನ ಬೆವರುತ್ತಿತ್ತು. ಒಂದು ದಿನ ಅದಕ್ಕೆ ನೆಗಡಿಯಾಗಿತ್ತು. ಹಸಿದಾಗ ಅದರ ಹೊಟ್ಟೆ ಗುರ್ ಎನ್ನುವುದನ್ನು ಕೇಳಿ ಒಬ್ಬಾಕೆ ಮನೆಗೆ ಓಡಿ ರೊಟ್ಟಿ ತಂದಳು. ಅಗಸಗಿತ್ತಿಗೆ ಪದ ಎಂದರೆ ನರದೊಳಗಿನ ಮಿಡಿತ, ಮುದುಕನಿಗೆ ಮೊಣಕಾಲಿನ ನೋವು. ಕಾಪಯ್ಯನಿಗೆ ಇದು ದೊಡ್ಡ ಆತಂಕವಾಯಿತು. ಒಂದು ಪದಕ್ಕೆ ಹೀಗೆ ಮನೆಗೊಂದು ಅರ್ಥವಾದರೆ ಗತಿಯೇನು? ಮುದ್ದವ್ವನನ್ನು ಕೇಳಿದ.

"ಆ ಮುದುಕಿ ಬೆಕ್ಕನ್ನೂ ನನ್ನನ್ನೂ ಒಂದೇ ಪದದಲ್ಲಿ ಕರೆದಳಲ್ಲ," ಎಂದು ಅವಳು ಗಂಜಿಯ ಬಟ್ಟಲು ಅವನ ಕೈಗಿಟ್ಟಳು. "ಬೆಕ್ಕಿಗೆ ಹಾಲು ಹಾಕುತ್ತಿದ್ದಳು, ನನಗೆ ಅನ್ನ ಕೊಡುತ್ತಿದ್ದಳು. ಅವಳಿಗೇನೂ ಗೊಂದಲವಾಗಲಿಲ್ಲ. ಕುಡಿಯಿರಿ, ಆರುತ್ತದೆ."

ಕುಡಿದ. ರಾಗಿಗಂಜಿ ಗಂಟಲಿನಿಂದ ಇಳಿದು ಎದೆಯ ಹಿಂದೆ ಬಿಸಿಯಾಗಿ ಹರಡುವುದನ್ನು ಕಣ್ಣು ಮುಚ್ಚಿಕೊಂಡು ಹಿಂಬಾಲಿಸಿದ. ಕೂತು ಕೂತು ಅವನ ಸೊಂಟ ಕಲ್ಲಾಗುತ್ತಿತ್ತು. ಕಾಲಿಗೆ ಜೋಮು ಹಿಡಿದಾಗ ಆ ಕಾಲು ಯಾರದೋ ಅನ್ನಿಸುತ್ತಿತ್ತು, ರಕ್ತ ಮರಳಿ ಹರಿದಾಗ ಸೂಜಿ ಚುಚ್ಚಿದಂತಾಗಿ ತನ್ನದಾಗುತ್ತಿತ್ತು.

ನಾಲ್ಕನೆಯ ವಾರದ ಬುಧವಾರ, ಹೊತ್ತು ಏರಿ ಊರೆಲ್ಲ ಉಪ್ಪಿನ ಮಡಿಗೆ ಹೋಗಿತ್ತು. ಮುದ್ದವ್ವ ನೆಲ ಗುಡಿಸುತ್ತಿದ್ದವಳು ಪೊರಕೆ ಬಿಟ್ಟು ಗೋಡೆ ಹಿಡಿದಳು. ಅವಳನ್ನು ನೋಡಿಕೊಂಡು ಹೋಗಲು ಸೂಲಗಿತ್ತಿ ಆಗತಾನೆ ಬಂದಿದ್ದಳು. ಒಂದು ಸಲ ಹೊಟ್ಟೆಯ ಮೇಲೆ ಕೈಯಾಡಿಸಿ, "ಎಲ್ಲಿಗೂ ಹೋಗುವಷ್ಟು ಹೊತ್ತಿಲ್ಲ, ಇಲ್ಲೇ ಆಗಬೇಕು," ಎಂದು ಚಾಪೆ ಬಿಡಿಸಿದಳು.

ಕಾಪಯ್ಯ ಮುಖವನ್ನು ಗೋಡೆಗೆ ತಿರುಗಿಸಿಕೊಂಡು ಕೂತ. ಹಿಂದಿನಿಂದ ನರಳಾಟ ಕೇಳುತ್ತಿತ್ತು. ಅದು ಏರಿತು, ಇಳಿಯಿತು, ಮತ್ತೆ ಏರಿತು. ಬಿಸಿಲು ಬಾಗಿಲಿನಿಂದ ಒಂದು ಗೇಣು ಒಳಕ್ಕೆ ಬಂತು.

"ಕಾಲು ಮುಂದಾಗಿ ಬರ್ತಿದೆ," ಸೂಲಗಿತ್ತಿ ಅಂದಳು. ಆಮೇಲೆ ದನಿ ಎತ್ತದೆಯೇ ಹೇಳಿದಳು, "ಕಾಪಯ್ಯ, ಇವಳು ಹಿಂದಕ್ಕೆ ಬೀಳ್ತಿದ್ದಾಳೆ. ನನ್ನ ಎರಡು ಕೈ ಇಲ್ಲೇ ಸಾಲದು. ಬಂದು ಹಿಡ್ಕೋ."

"ನಾನು ಎದ್ದರೆ ಇವಳ ಇರವು ಹೋಗುತ್ತದೆ."

"ಏಳದಿದ್ರೆ ಇವಳೇ ಹೋಗ್ತಾಳೆ."

ಕಾಪಯ್ಯ ಮುದ್ದವ್ವನ ಕಡೆ ತಿರುಗಿದ. ಅವಳು ಬೇಡವೆಂದು ತಲೆಯಾಡಿಸುತ್ತಿದ್ದಳು, ಅವಳ ಕೈ ಮಾತ್ರ ಗಾಳಿಯಲ್ಲಿ ಹಿಡಿಯಲು ಏನನ್ನೋ ಹುಡುಕುತ್ತಿತ್ತು. ಅವನು ಗೂಡಿನಿಂದ ಕಾಲು ಕೆಳಗೆ ಬಿಟ್ಟ. ಜೋಮು ಹಿಡಿದ ಕಾಲು ನಿಲ್ಲಲಿಲ್ಲ. ನೆಲದ ಮೇಲೆ ತೆವಳಿಕೊಂಡೇ ಅವಳ ಹಿಂದೆ ಹೋಗಿ, ಅವಳ ಬೆನ್ನನ್ನು ತನ್ನ ಎದೆಗೆ ಒರಗಿಸಿ, ಎರಡೂ ತೋಳಿನಡಿ ಕೈ ಹಾಕಿ ಬಿಗಿಯಾಗಿ ಹಿಡಿದ. ಅವಳ ಉಗುರು ಅವನ ಮೊಣಕೈಗೆ ಇಳಿಯಿತು. ಅವಳು ಉಸಿರೆಳೆದಾಗ ಅವನ ಎದೆಯೂ ಹಿಗ್ಗಿತು, ಅವಳು ತಿಣುಕಿದಾಗ ಅವನ ಹಲ್ಲೂ ಕಚ್ಚಿಕೊಂಡವು. ಎಷ್ಟು ಹೊತ್ತು ಹಾಗಿದ್ದರೋ, ಸೂಲಗಿತ್ತಿಯ ಕೈಗೆ ಕೂಸು ಜಾರಿತು.

ಅದು ನೀಲಿಯಾಗಿತ್ತು. ಅಳಲಿಲ್ಲ. ಸೂಲಗಿತ್ತಿ ಅದನ್ನು ತೊಡೆಯ ಮೇಲೆ ಬೋರಲು ಹಾಕಿ ಬೆನ್ನು ತಿಕ್ಕತೊಡಗಿದಳು.

ಅಷ್ಟರಲ್ಲಿ ಕೂಗು ಕೇಳಿ ಉಪ್ಪಿನ ಮಡಿಯಿಂದ ಜನ ಬಂದಿದ್ದರು. ಅವರ ಮುಂದೆ ಯಜಮಾನ. ಬಾಗಿಲಲ್ಲಿ ನಿಂತು ಅವನು ಮೊದಲು ನೋಡಿದ್ದು ಖಾಲಿ ಗೂಡನ್ನು. "ವಸ್ತು ಎದ್ದಿದೆ," ಅಂದ. ಯಾರೂ ಅವನ ಕಡೆ ತಿರುಗಲಿಲ್ಲ. ಎಲ್ಲರ ಕಣ್ಣೂ ಸೂಲಗಿತ್ತಿಯ ತೊಡೆಯ ಮೇಲಿತ್ತು.

ಆಚೆ ದಂಡೆಯ ಕಾಗದ ಕಾಪಯ್ಯನಿಗೆ ಬಾಯಿಪಾಠವಾಗಿತ್ತು. ಒಂದೇ ತಾಯಿಗೆ ಹುಟ್ಟಿದ ಇಬ್ಬರು. ಒಬ್ಬಳ ಹೆಸರು ಮೈಯುಳ್ಳದ್ದು, ಇನ್ನೊಬ್ಬಳ ಹೆಸರು ಹೆಣ. ಅವರಿಬ್ಬರ ನಡುವೆ ಎಷ್ಟು ದೂರವೆಂದು ಕಾಗದದಲ್ಲಿ ಬರೆದಿರಲಿಲ್ಲ. ಇಬ್ಬರಲ್ಲಿ ಯಾರು ತನ್ನೆದುರು ಮಲಗಿದ್ದಾರೆಂದು ಅವನಿಗೆ ಹೇಳಲಾಗಲಿಲ್ಲ. ಸೂಲಗಿತ್ತಿಯ ಹೆಬ್ಬೆರಳು ಆ ಸಣ್ಣ ಬೆನ್ನಿನ ಮೇಲೆ ಏರಿತು, ಇಳಿಯಿತು, ಏರಿತು, ಇಳಿಯಿತು. ಅವಳು ಯಾವ ಪದವನ್ನೂ ಹೇಳುತ್ತಿರಲಿಲ್ಲ. ತಿಕ್ಕುತ್ತಿದ್ದಳು, ಅಷ್ಟೇ.

ಕೂಸು ಕೆಮ್ಮಿತು. ಬಾಯಿಂದ ನೀರು ಬಂತು. ಆಮೇಲೆ ಅತ್ತಿತು.

"ಹೆಣ್ಣು," ಎಂದು ಸೂಲಗಿತ್ತಿ ಅದನ್ನು ಹರಿದ ಸೀರೆಯಲ್ಲಿ ಸುತ್ತಿ ತಾಯಿಯ ಎದೆಯ ಮೇಲಿಟ್ಟಳು. ನೀಲಿ ಹೋಗಿ ಕೆಂಪು ಏರುತ್ತಿತ್ತು. ಕಾಪಯ್ಯನ ತೋಳು ಇನ್ನೂ ಮುದ್ದವ್ವನನ್ನು ಬಳಸಿಯೇ ಇತ್ತು, ಬಿಡಿಸಿಕೊಳ್ಳಬೇಕೆಂದು ಅವನಿಗೆ ತೋಚಲಿಲ್ಲ.

ಯಜಮಾನ ಅಳು ಒಂದಿಷ್ಟು ಇಳಿಯುವವರೆಗೆ ಕಾದ. ಆಮೇಲೆ ಹೇಳಿದ, "ಹನ್ನೊಂದು ದಿನ ಕಳೆಯಲಿ, ಮೈ ಚೇತರಿಸಿಕೊಳ್ಳಲಿ. ಹನ್ನೆರಡನೆಯ ದಿನ ಇವಳು ಹೋಗಬೇಕಾಗುತ್ತದೆ. ವಸ್ತು ಗೂಡು ಬಿಟ್ಟಿದೆ. ಪದ ಬರಿದಾಯಿತು."

ಅಗಸಗಿತ್ತಿ ಮುಂದೆ ಬಂದಳು. ಜಗಳಕ್ಕೆ ಬಂದ ಹಾಗಿರಲಿಲ್ಲ, ತಿಳಿಯದ್ದನ್ನು ಕೇಳುವ ಹಾಗಿತ್ತು. "ಬರಿದು ಅಂದರೆ ಏನು ಯಜಮಾನರೇ?"

"ಅರ್ಥ ಇಲ್ಲ ಅಂತ."

"ನನಗೆ ಗೊತ್ತಲ್ಲ," ಎಂದು ಅವಳು ಪಕ್ಕದಲ್ಲಿದ್ದ ಉಪ್ಪಿನವನ ಮಣಿಕಟ್ಟು ಹಿಡಿದು ನರದ ಮೇಲೆ ಬೆರಳಿಟ್ಟಳು. "ಇದೇ. ಕಾಪಯ್ಯನ ಕೈಯಲ್ಲೂ ಇದೇ ಇತ್ತು. ಎದ್ದು ಬಂದರೂ ಇದೆ." ಹಾಗೆ ಹಿಡಿದುಕೊಂಡೇ ಪದವನ್ನು ಮೂರು ಸಲ ಹೇಳಿದಳು.

ಉಪ್ಪಿನವನು ತನ್ನ ಮುಂದಿದ್ದ ಮುದುಕನ ಭುಜ ಮುಟ್ಟಿದ. ಮುದುಕ ಎರಡು ಜಡೆಯವಳ ತಲೆ ಮುಟ್ಟಿದ. ಅವಳು ಯಾರ ಪಕ್ಕೆಗೋ ಬೆರಳಿಟ್ಟಳು. ಯಾರೂ ಸಾಲು ಮಾಡಲಿಲ್ಲ, ಅಂಗೈ ಒಡ್ಡಲಿಲ್ಲ. ಒಬ್ಬೊಬ್ಬರಾಗಿ ಹೇಳಿದರು, ಕೆಲವರ ಉಚ್ಚಾರ ತಪ್ಪಿತ್ತು. ಹೇಳಿ ಮುಗಿಸಿ ಗುದ್ದಲಿ, ಬುಟ್ಟಿ ಎತ್ತಿಕೊಂಡು ಮಡಿಯ ಕಡೆ ಹೊರಟರು. ಅರ್ಧ ಕೆರೆದ ಉಪ್ಪು ಅಲ್ಲೇ ಬಿಟ್ಟು ಬಂದಿದ್ದರು.

ಸೂಲಗಿತ್ತಿ ನೀರು ಕಾಯಿಸಲು ಹೊರಗೆ ಒಲೆ ಹೂಡಿದಳು. ಮುದ್ದವ್ವ ನಿದ್ದೆ ಹೋದಳು, ಕೂಸು ಅವಳ ಎದೆಯ ಮೇಲೆ ಏರುತ್ತ ಇಳಿಯುತ್ತ ಮಲಗಿತು. ಕಾಪಯ್ಯ ಮೆಲ್ಲಗೆ ತೋಳು ಬಿಡಿಸಿಕೊಂಡು, ಅವಳ ತಲೆಯಡಿಗೆ ಬಟ್ಟೆಯ ಸುರುಳಿ ಕೊಟ್ಟು ಹೊರಗೆ ಬಂದ. ಯಜಮಾನ ಮೆಟ್ಟಿಲ ಮೇಲೆ ಕೂತಿದ್ದ. ಒಬ್ಬನೇ ಇದ್ದ. ಕಾಪಯ್ಯ ಒಂದು ಮೆಟ್ಟಿಲು ಬಿಟ್ಟು ಕೂತುಕೊಂಡ.



"ಹನ್ನೆರಡನೆಯ ದಿನ ಏನು ಮಾಡಲಿ?" ಯಜಮಾನ ಕೇಳಿದ.

"ಕೂಸಿಗೆ ಹೆಸರಿಡಬೇಕು. ನೀವು ಬರಬೇಕು."

ಯಜಮಾನ ಮುಖ ಒರೆಸಿಕೊಂಡ. "ಊರಿಗೆಲ್ಲ ಬಂದಿರುವ ಪದ ನನಗೊಬ್ಬನಿಗೆ ಬಂದಿಲ್ಲ," ಅಂದ. ಆಮೇಲೆ ಏಳಲು ಹೋದ. ಮೆಟ್ಟಿಲಿಗೆ ಕೈಯೂರಿದ, ಮೊಣಕಾಲು ಅರ್ಧಕ್ಕೆ ನಿಂತಿತು, ಮತ್ತೆ ಕೂತ. ಇನ್ನೊಮ್ಮೆ ನೋಡಿದ, ಆಗಲಿಲ್ಲ. ಎತ್ತಲೋ ನೋಡುತ್ತ, "ಕೈ ಕೊಡಯ್ಯ," ಅಂದ.

ಕಾಪಯ್ಯ ಎದ್ದು ಅವನ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿದ. ವಯಸ್ಸಾದ ಆಳು, ಹಗುರವಿರಬಹುದು ಎಂದುಕೊಂಡಿದ್ದ. ಭಾರವಿದ್ದ. ಇಬ್ಬರ ಕಾಲೂ ಒಂದು ಸಲ ತತ್ತರಿಸಿದವು. ಯಜಮಾನನ ಗಡ್ಡ ಕಾಪಯ್ಯನ ಕೆನ್ನೆಗೆ ಚುಚ್ಚಿತು, ಬಿಸಿಯುಸಿರು ಕಿವಿಗೆ ತಾಗಿತು. ನೆಟ್ಟಗೆ ನಿಂತ ಮೇಲೂ ಯಜಮಾನ ಹಿಡಿದ ಕೈ ಬಿಡಲಿಲ್ಲ.